ಒಂದು 'ಲ್ಯಾಂಡ್', ಏಳು ಇಟಾಲಿಯನ್ ಪದ: ನೆಲದ ಮಾತನ್ನು ಅನುವಾದಿಸುವ ಪಾಠ



ಭಾಷಾ ಪಾಠದ ಈ ಕಂತು ಇಟಾಲಿಯನ್ ಬಗ್ಗೆ. ಇಟಾಲಿಯನ್ ಯಾಕೆ ಅಂತ ಕೇಳೋರಿಗೆ ಮೂರು ಉತ್ತರ ಇದೆ. ಮಿಲಾನ್, ತೂರಿನ್ ಕಡೆಯ ಪಾಲಿಟೆಕ್ನಿಕ್‌ಗಳಿಗೆ ಮಾಸ್ಟರ್ಸ್ ಅಪ್ಲೈ ಮಾಡೋ ಸೀನಿಯರ್ಸ್ ನಮ್ಮಲ್ಲಿ ಇದ್ದಾರೆ. ಆ್ಯಪ್‌ನಲ್ಲಿ ಸ್ಟ್ರೀಕ್ ಉಳಿಸಿಕೊಳ್ಳೋಕೆ ಕಲಿಯೋರೂ ಇದ್ದಾರೆ. ಮೂರನೆಯದು, ನಮಗೆ ಗೊತ್ತಿಲ್ಲದೆಯೇ ನಾವು ಈಗಾಗಲೇ ಇಟಾಲಿಯನ್ ಮಾತಾಡ್ತಿದ್ದೀವಿ. 'ಲಾವಾ' ಇಟಾಲಿಯನ್ ಪದ. 'ಮಲೇರಿಯಾ' ಕೂಡ ಇಟಾಲಿಯನ್ನೇ: 'ಮಾಲಾ ಆರಿಯಾ', ಅಂದ್ರೆ ಕೆಟ್ಟ ಗಾಳಿ. ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯೇ ಜ್ವರ ತರುತ್ತೆ ಅಂತ ಹಿಂದೆ ನಂಬಿದ್ದರು. ಕಾರಣ ಸೊಳ್ಳೆ ಅಂತ ಗೊತ್ತಾದ ಮೇಲೂ ಹೆಸರು ಹಾಗೇ ಉಳೀತು. ಇಂಗ್ಲಿಷ್ ಅದನ್ನು ಅನುವಾದಿಸದೆ ಎತ್ತಿಕೊಂಡಿತು, ನಾವು ಇಂಗ್ಲಿಷಿನಿಂದ ಎತ್ತಿಕೊಂಡೆವು.

ಈ ಪಾಠದಲ್ಲಿ ಒಂದೇ ವಿಷಯ: ನೆಲ ಮತ್ತು ಪ್ರಕೃತಿಯ ಬಗ್ಗೆ ಇಂಗ್ಲಿಷಿನಲ್ಲಿ ಇರುವ ಮಾತುಗಳನ್ನು ಇಟಾಲಿಯನ್‌ಗೆ ತರೋದು ಹೇಗೆ. ಡಿಕ್ಷನರಿ ಬೇಗ ಕೈಕೊಡೋದು ಇಲ್ಲೇ. 'ಲ್ಯಾಂಡ್' ಅಂತ ಹುಡುಕಿದರೆ ಪದಗಳ ಒಂದು ಸಾಲೇ ಬರುತ್ತೆ, ಯಾವುದು ಹಾಕಬೇಕು ಅಂತ ಅದು ಹೇಳಲ್ಲ. ನಾನು ಕಲಿತದ್ದು ಇಂಗ್ಲಿಷ್ ಮೀಡಿಯಂನಲ್ಲಿ, ಹಾಗಾಗಿ ತಲೆಯಲ್ಲಿ ಮೊದಲು ಬರೋದು ಇಂಗ್ಲಿಷ್ ವಾಕ್ಯವೇ. ಆದರೆ ಈ ವಿಷಯದಲ್ಲಿ ಇಂಗ್ಲಿಷಿನಿಂದ ನೇರ ಇಟಾಲಿಯನ್‌ಗೆ ಹೋಗೋದಕ್ಕಿಂತ ನಡುವೆ ಕನ್ನಡದಲ್ಲಿ ಒಂದು ಸ್ಟಾಪ್ ಕೊಟ್ಟರೆ ದಾರಿ ಸುಲಭ ಆಗುತ್ತೆ. ಅದನ್ನೇ ಉದಾಹರಣೆ ಸಮೇತ ತೋರಿಸ್ತೀನಿ.

ಓದುವ ಮುಂಚೆ ಒಂದು ಮಾತು. ಇಟಾಲಿಯನ್ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೀನಿ. ಒತ್ತಕ್ಷರ ಇದ್ದಲ್ಲಿ ಒತ್ತಿಯೇ ಓದಿ. ಇಟಾಲಿಯನ್‌ನಲ್ಲಿ 'ಪಾಲಾ' ಅಂದರೆ ಸಲಿಕೆ, 'ಪಾಲ್ಲಾ' ಅಂದರೆ ಚೆಂಡು. ಇಂಗ್ಲಿಷ್ ಮಾತಾಡೋರಿಗೆ ಇದು ಕಷ್ಟ, 'ಹಳಿ'ಗೂ 'ಹಳ್ಳಿ'ಗೂ ವ್ಯತ್ಯಾಸ ಗೊತ್ತಿರೋ ನಮಗೆ ಸಲೀಸು. ಜೊತೆಗೆ ಇಟಾಲಿಯನ್ ಪದಗಳೂ ನಮ್ಮ ಪದಗಳ ಹಾಗೆ ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ಪದದ ಮುಂದಿರುವ 'ಇಲ್' ಪುಲ್ಲಿಂಗದ ಗುರುತು, 'ಲಾ' ಸ್ತ್ರೀಲಿಂಗದ ಗುರುತು.

1. ಮೊದಲು ಏಳು ಪದ

ಲಾ ತೆರ್ರಾ: ಭೂಮಿ, ನೆಲ, ಮಣ್ಣು, ನಾಡು. ಏಳರಲ್ಲಿ ಅತಿ ಅಗಲವಾದ ಪದ. ದೊಡ್ಡಕ್ಷರದಲ್ಲಿ ಬರೆದರೆ ಭೂಗ್ರಹ. 'ಪೆರ್ ತೆರ್ರಾ' ಅಂದರೆ ಕೆಳಗೆ, ನೆಲದ ಮೇಲೆ. ಗ್ರೌಂಡ್ ಫ್ಲೋರ್‌ಗೆ 'ಪಿಯಾನೊ ತೆರ್ರಾ' ಅಂತಾರೆ.

ಇಲ್ ಸ್ವೋಲೊ: ನೆಲದ ಮೇಲ್ಪದರ. ವಿಜ್ಞಾನ, ಕಾನೂನು, ಪ್ಲಾನಿಂಗ್ ಮಾತಾಡುವಾಗ ಬರೋ ಪದ.

ಇಲ್ ತೆರ್ರೇನೊ: ಅಳೆದು, ಬೇಲಿ ಹಾಕಿ, ಮಾರಬಹುದಾದ ಜಾಗ. ನಮ್ಮ ಜಮೀನು, ಸೈಟು ಎರಡೂ ಇದರಲ್ಲಿ ಬರುತ್ತೆ.

ಇಲ್ ತೆರ್ರಿತೋರಿಯೊ: ಸೀಮೆ. ಗುಡ್ಡ, ಹೊಳೆ, ರಸ್ತೆ, ಜನ, ಆಡಳಿತ ಎಲ್ಲ ಸೇರಿದ ಪ್ರದೇಶ.

ಲಾ ಕಂಪಾನ್ಯಾ: ಪಟ್ಟಣದ ಆಚೆ, ಹೊಲ ಗದ್ದೆ ತೋಟಗಳ ಕಡೆ.

ಇಲ್ ಪಯೇಸೆ: ಊರು. ದೇಶ ಕೂಡ. ಇದರ ಕಥೆ ಮುಂದಿನ ಭಾಗದಲ್ಲಿ.

ಇಲ್ ಪಯೇಸಾಜ್ಜೊ: ಕಣ್ಣಿಗೆ ಕಾಣುವ ನೆಲ, ಭೂದೃಶ್ಯ.

ಈಗ ಕೆಲವು ಇಂಗ್ಲಿಷ್ ವಾಕ್ಯ ತಗೊಳ್ಳೋಣ.

'ಹಿ ಬಾಟ್ ಲ್ಯಾಂಡ್ ನಿಯರ್ ದಿ ಲೇಕ್.' ಇದನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳುವಾಗ ಯಾರೂ 'ಭೂಮಿ ತಗೊಂಡ' ಅಂತ ನಿಲ್ಲಿಸಲ್ಲ. ಕೆರೆ ಹತ್ತಿರ ಜಮೀನು ತಗೊಂಡ, ಇಲ್ಲಾ ಸೈಟು ತಗೊಂಡ ಅಂತೀವಿ. ಹಾಗಾದರೆ ಇಟಾಲಿಯನ್‌ನಲ್ಲಿ ತೆರ್ರೇನೊ: 'ಅ ಕೊಂಪ್ರಾತೊ ಉನ್ ತೆರ್ರೇನೊ ವಿಚೀನೊ ಅಲ್ ಲಾಗೊ.' ಮನೆ ಕಟ್ಟೋಕೆ ಅನುಮತಿ ಇರೋ ಜಾಗ ಆದರೆ 'ತೆರ್ರೇನೊ ಎದಿಫಿಕಾಬಿಲೆ', ಅಂದರೆ ಕಟ್ಟಬಹುದಾದ ಜಮೀನು.

'ದಿ ಪೀಪಲ್ ಆಫ್ ದಿಸ್ ಲ್ಯಾಂಡ್.' ಕನ್ನಡದಲ್ಲಿ 'ಈ ನಾಡಿನ ಜನ'. ಇಲ್ಲಿ ಸೈಟು ಜಮೀನಿನ ಮಾತೇ ಇಲ್ಲ. ಹಾಗಾಗಿ ತೆರ್ರಾ: 'ಲಾ ಜೆಂತೆ ದಿ ಕ್ವೆಸ್ತಾ ತೆರ್ರಾ.'

'ಲ್ಯಾಂಡ್ ಯೂಸ್.' ಇದು ಪ್ಲಾನಿಂಗ್ ಪದ. 'ಊಸೊ ದೆಲ್ ಸ್ವೋಲೊ.' ನೆಲದ ಮೇಲ್ಪದರವನ್ನು ಯಾವುದಕ್ಕೆ ಬಳಸ್ತಿದ್ದೀವಿ ಅನ್ನೋ ಅರ್ಥ.

'ಲ್ಯಾಂಡ್ ಮ್ಯಾನೇಜ್‌ಮೆಂಟ್.' ಒಂದು ಜಮೀನಿನ ಉಸ್ತುವಾರಿ ಅಲ್ಲ, ಇಡೀ ಸೀಮೆಯದ್ದು ಅನ್ನೋದಾದರೆ 'ಜೆಸ್ತಿಯೋನೆ ದೆಲ್ ತೆರ್ರಿತೋರಿಯೊ.'

ಸಿವಿಲ್ ಬ್ರಾಂಚಿನವರು ಇದನ್ನು ನೆನಪಿಟ್ಟುಕೊಳ್ಳಿ. 'ಸಾಯಿಲ್' ಅಂದ ತಕ್ಷಣ ಸ್ವೋಲೊ ಹಾಕಬೇಡಿ. ಸಾಯಿಲ್ ಮೆಕ್ಯಾನಿಕ್ಸ್‌ಗೆ ಇಟಾಲಿಯನ್‌ನಲ್ಲಿ 'ಮೆಕ್ಕಾನಿಕಾ ದೇಯಿ ತೆರ್ರೇನಿ'. ಸಾಯಿಲ್ ಸೈನ್ಸ್‌ಗೆ ಮಾತ್ರ 'ಶಿಯೆಂಝಾ ದೆಲ್ ಸ್ವೋಲೊ'. ಭಾರ ಹೊರೋ ನೆಲ ತೆರ್ರೇನೊ, ಬೆಳೆ ಬೆಳೆಯೋ ಮೇಲ್ಮಣ್ಣು ಸ್ವೋಲೊ. ಹೂಕುಂಡಕ್ಕೆ ಹಾಕೋ ಮಣ್ಣಿಗೆ ಮತ್ತೊಂದು ಪದ, 'ತೆರ್ರಿಚ್ಚೊ'.

ಪದ ಬದಲಾದರೆ ನೋಟವೂ ಬದಲಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ಹೊಲ, ಕಾಡು ಇದ್ದ ಜಾಗ ರಸ್ತೆ, ಕಟ್ಟಡದ ಕೆಳಗೆ ಹೋಗೋದಕ್ಕೆ ಯೂರೋಪಿನ ಇಂಗ್ಲಿಷ್ ವರದಿಗಳಲ್ಲಿ 'ಲ್ಯಾಂಡ್ ಟೇಕ್' ಅಂತಾರೆ. ಇಟಾಲಿಯನ್‌ನಲ್ಲಿ ಅದೇ 'ಕೊನ್ಸೂಮೊ ದಿ ಸ್ವೋಲೊ', ಮಣ್ಣಿನ ಬಳಕೆ. ಇಲ್ಲಿ ಬಳಕೆ ಅಂದರೆ ತಿಂದು ಮುಗಿಸೋ ಥರದ್ದು, ಕರೆಂಟ್ ಖರ್ಚಾದ ಹಾಗೆ. ಅಲ್ಲಿನ ಪರಿಸರ ಸಂಸ್ಥೆ ಇಸ್ಪ್ರಾ ಪ್ರತಿವರ್ಷ ಇದೇ ಹೆಸರಿನಲ್ಲಿ ವರದಿ ತರುತ್ತೆ. 'ಟೇಕ್' ಅಂದರೆ ತೆಗೆದುಕೊಂಡದ್ದು, ವಾಪಸ್ ಕೊಡಬಹುದೇನೋ ಅನಿಸುತ್ತೆ. 'ಕೊನ್ಸೂಮೊ' ಅಂದಾಗ ಖಾಲಿಯಾಯ್ತು ಅಂತಲೇ ಅನಿಸುತ್ತೆ.

2. 'ಕಂಟ್ರಿ' ಮತ್ತು ಪಯೇಸೆ: ಇಲ್ಲಿ ಹುಷಾರು

ಇಂಗ್ಲಿಷಿನ 'ಕಂಟ್ರಿ'ಗೆ ಎರಡು ಅರ್ಥ: ದೇಶ, ಹಳ್ಳಿಗಾಡು. ಇಟಾಲಿಯನ್‌ನ ಪಯೇಸೆಗೂ ಎರಡು ಅರ್ಥ: ದೇಶ, ಊರು. ದೇಶ ಅನ್ನೋದು ಎರಡರಲ್ಲೂ ಇದೆ, ಹಾಗಾಗಿ ಎರಡೂ ಒಂದೇ ಅಂದುಕೊಳ್ಳೋದು ಸುಲಭ. ಇನ್ನೊಂದು ಅರ್ಥ ಮಾತ್ರ ಬೇರೆ ಬೇರೆ.

'ಐ ಲಿವ್ ಇನ್ ದಿ ಕಂಟ್ರಿ', ಹೊಲಗದ್ದೆ ಕಡೆ ಇರ್ತೀನಿ: 'ವೀವೊ ಇನ್ ಕಂಪಾನ್ಯಾ.'
'ಐ ಲಿವ್ ಇನ್ ಎ ವಿಲೇಜ್', ಒಂದು ಊರಲ್ಲಿ ಇರ್ತೀನಿ: 'ವೀವೊ ಇನ್ ಉನ್ ಪಯೇಸೆ.'
'ಆಲ್ ಓವರ್ ದಿ ಕಂಟ್ರಿ', ದೇಶದ ತುಂಬಾ: 'ಇನ್ ತುತ್ತೊ ಇಲ್ ಪಯೇಸೆ.' ದೇಶ ಅನ್ನೋ ಅರ್ಥ ಇದ್ದಾಗ ಪತ್ರಿಕೆಗಳಲ್ಲಿ ದೊಡ್ಡಕ್ಷರ ಹಾಕೋ ರೂಢಿ ಇದೆ.

ಕನ್ನಡದ ಸ್ಟಾಪ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಪಯೇಸೆಗೆ ಹತ್ತಿರದ ಪದ ನಮ್ಮ 'ಊರು'. ಬೆಂಗಳೂರಲ್ಲಿ ಹುಟ್ಟಿ ಬೆಳೆದವರನ್ನೂ 'ನಿಮ್ಮೂರು ಯಾವುದು?' ಅಂತ ಕೇಳ್ತೀವಲ್ಲ, ಅಲ್ಲಿ ಊರು ಅಂದರೆ ಬರೀ ಮನೆಗಳ ಗುಂಪಲ್ಲ, ಎಲ್ಲಿಯವರು ಅನ್ನೋ ಪ್ರಶ್ನೆ. ಇಟಲಿಯವರು 'ಅಲ್ ಮಿಯೊ ಪಯೇಸೆ' ಅಂತ ಮಾತು ಶುರು ಮಾಡಿದರೆ ಅದು ನಮ್ಮ 'ನಮ್ಮೂರ್ ಕಡೆ ಹೀಗ್ ಮಾಡ್ತಾರೆ' ಅನ್ನೋ ಧಾಟಿಯೇ. 'ಕೊಂಪಯೇಸಾನೊ' ಅಂದರೆ ಒಂದೇ ಊರಿನವನು.

ಇದೇ ಪಯೇಸೆಯಿಂದ ಬಂದದ್ದು ಪಯೇಸಾಜ್ಜೊ, ಲ್ಯಾಂಡ್‌ಸ್ಕೇಪ್. ಊರಿನಿಂದ ಹುಟ್ಟಿದ ಪದ ಆದ್ದರಿಂದ ಅದರೊಳಗೆ ಜನ ಇದ್ದೇ ಇದ್ದಾರೆ. 1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನದ 9ನೇ ವಿಧಿ ಪಯೇಸಾಜ್ಜೊವನ್ನು ಕಾಪಾಡೋದು ಗಣರಾಜ್ಯದ ಕೆಲಸ ಅಂತ ಹೇಳುತ್ತೆ. ಪರಿಸರ, ಜೀವವೈವಿಧ್ಯ, ಪರಿಸರ ವ್ಯವಸ್ಥೆ ಅನ್ನೋ ಪದಗಳು ಆ ವಿಧಿಗೆ ಸೇರಿದ್ದು 2022ರಲ್ಲಿ. 2000ದಲ್ಲಿ ಫ್ಲಾರೆನ್ಸ್‌ನಲ್ಲಿ ಸಹಿಯಾದ ಯೂರೋಪಿಯನ್ ಲ್ಯಾಂಡ್‌ಸ್ಕೇಪ್ ಕನ್ವೆನ್ಷನ್ ಕೂಡ ಜನ ಕಂಡಂತಹ ಪ್ರದೇಶವೇ ಲ್ಯಾಂಡ್‌ಸ್ಕೇಪ್ ಅಂತ ವ್ಯಾಖ್ಯೆ ಕೊಡುತ್ತೆ. ಅದರ ಇಂಗ್ಲಿಷ್ ಪಠ್ಯದಲ್ಲಿ 'ಏರಿಯಾ' ಅಂತಿರೋ ಕಡೆ ಇಟಾಲಿಯನ್ ಅನುವಾದದಲ್ಲಿ ತೆರ್ರಿತೋರಿಯೊದ ಒಂದು ಭಾಗ ಅಂತಿದೆ. ಅನುವಾದಕರೂ ಏಳು ಪದಗಳಲ್ಲಿ ಆಯ್ಕೆ ಮಾಡಲೇಬೇಕಾಯ್ತು.

ಊರಿನ ವಿಷಯ ಬಂದಾಗ ಚಿಂಕ್ವೆ ತೆರ್ರೆ ಹೇಳದೆ ಇರೋಕಾಗಲ್ಲ. ರೀಲ್ಸ್‌ನಲ್ಲಿ ಸಮುದ್ರದ ಪಕ್ಕ ಬಣ್ಣಬಣ್ಣದ ಮನೆಗಳು ಬರುತ್ತಲ್ಲ, ಅದೇ. ಪದಶಃ ಅರ್ಥ 'ಐದು ನೆಲ'. ಹಳೆಯ ಇಟಾಲಿಯನ್‌ನಲ್ಲಿ ತೆರ್ರಾ ಅಂದರೆ ಊರು ಅಂತಲೂ ಅರ್ಥ ಇತ್ತು, ಹಾಗಾಗಿ ಅದು 'ಐದೂರು': ಮೊಂತೆರೊಸ್ಸೊ, ವೆರ್ನಾಝಾ, ಕೊರ್ನಿಲ್ಯಾ, ಮನರೋಲಾ, ರಿಯೊಮಜ್ಜೋರೆ. ಅಲ್ಲಿನ ಕಡಿದಾದ ಬೆಟ್ಟಗಳಲ್ಲಿ ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿದ ಗೋಡೆಗಳ ಆಸರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬೆಳೀತಾರೆ. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಟೂರಿಸ್ಟ್ ಇಂಗ್ಲಿಷ್ ಇದನ್ನು 'ನ್ಯಾಚುರಲ್ ಬ್ಯೂಟಿ' ಅಂದುಬಿಡುತ್ತೆ. ಅಲ್ಲಿ ಕಾಣೋದರಲ್ಲಿ ಅರ್ಧ ಜನ ಕಟ್ಟಿದ್ದು. ಗೋಡೆ ನೋಡಿಕೊಳ್ಳೋರು ಇಲ್ಲದಿದ್ದರೆ ಮಳೆಗೆ ಮಣ್ಣು ಜಾರುತ್ತೆ. 2011ರ ಅಕ್ಟೋಬರ್ 25ರ ಮಳೆಯಲ್ಲಿ ವೆರ್ನಾಝಾ, ಮೊಂತೆರೊಸ್ಸೊ ಎರಡೂ ಕೆಸರಲ್ಲಿ ಹೂತುಹೋಗಿದ್ದವು. ಇಂಥ ಕಡೆಗೆ ಪಯೇಸಾಜ್ಜೊ ಸರಿಯಾದ ಪದ.

'ಹೋಮ್‌ಲ್ಯಾಂಡ್' ಕೂಡ ಮಜಾ ಇದೆ. ಇಟಾಲಿಯನ್‌ನಲ್ಲಿ 'ಲಾ ಪಾತ್ರಿಯಾ'. ಮೂಲದಲ್ಲಿ ಇರೋದು ತಂದೆ, ಆದರೆ ಪದ ಸ್ತ್ರೀಲಿಂಗ. ಸಾಲದು ಅಂತ 'ಮಾದ್ರೆಪಾತ್ರಿಯಾ' ಅಂತಲೂ ಇದೆ, ಅಂದರೆ ತಾಯಿ-ತಂದೆನಾಡು. ನಾವು 'ತಾಯ್ನಾಡು' ಅಂತ ಒಂದೇ ಸಲಕ್ಕೆ ತೀರ್ಮಾನ ಮಾಡಿಬಿಟ್ಟಿದ್ದೀವಿ.

3. 'ಲ್ಯಾಂಡ್' ಅಂಟಿಕೊಂಡ ಪದಗಳು

ಇವನ್ನು ಬಿಡಿಸಿ ಅನುವಾದ ಮಾಡೋಕೆ ಹೋಗಬೇಡಿ. ಇಂಗ್ಲಿಷಿನಲ್ಲಿ ಲ್ಯಾಂಡ್ ಇದ್ದರೂ ಇಟಾಲಿಯನ್‌ನಲ್ಲಿ ನೆಲವೇ ಮಾಯ ಆಗಿರುತ್ತೆ.

ಮೇನ್‌ಲ್ಯಾಂಡ್: ತೆರ್ರಾಫೆರ್ಮಾ, 'ಗಟ್ಟಿ ನೆಲ'. ನೀರಿನ ಮೇಲೆ ಕೂತ ವೆನಿಸ್‌ನವರಿಗೆ ಆಚೆ ದಡ ಗಟ್ಟಿನೆಲವಾಗಿ ಕಂಡದ್ದು ಸಹಜ.
ಲ್ಯಾಂಡ್‌ಲಾಕ್ಡ್: ಸೆಂಝಾ ಸ್ಬೊಕ್ಕೊ ಸುಲ್ ಮಾರೆ, 'ಸಮುದ್ರಕ್ಕೆ ದಾರಿ ಇಲ್ಲದ'.
ವೆಟ್‌ಲ್ಯಾಂಡ್: ಝೋನಾ ಊಮಿದಾ, 'ತೇವದ ವಲಯ'.
ಲ್ಯಾಂಡ್‌ಫಿಲ್: ದಿಸ್ಕಾರಿಕಾ. ಇಂಗ್ಲಿಷ್ ನೆಲ ತುಂಬಿಸ್ತೀವಿ ಅನ್ನುತ್ತೆ, ಇಟಾಲಿಯನ್ ಲೋಡ್ ಇಳಿಸೋ ಜಾಗ ಅಂತ ನೇರವಾಗಿ ಹೇಳುತ್ತೆ.
ಲ್ಯಾಂಡ್‌ಮಾರ್ಕ್: ಪುಂತೊ ದಿ ರಿಫೆರಿಮೆಂತೊ, 'ಗುರುತು ಹಿಡಿಯೋ ಬಿಂದು'.
ಲ್ಯಾಂಡ್‌ಲೈನ್: ತೆಲೇಫೊನೊ ಫಿಸ್ಸೊ, 'ಕದಲದ ಫೋನ್'.
ಲ್ಯಾಂಡ್‌ಲಾರ್ಡ್: ಪದ್ರೋನೆ ದಿ ಕಾಸಾ, 'ಮನೆ ಯಜಮಾನ'. ಪಿಜಿ ಓನರ್‌ಗೆ ಇದೇ ಸರಿ. ನೂರಾರು ಎಕರೆ ಇರೋ ಜಮೀನ್ದಾರನಿಗೆ 'ಪ್ರೊಪ್ರಿಯೆತಾರಿಯೊ ತೆರ್ರಿಯೇರೊ'.
ನೋ ಮ್ಯಾನ್ಸ್ ಲ್ಯಾಂಡ್: ತೆರ್ರಾ ದಿ ನೆಸ್ಸೂನೊ, 'ಯಾರದ್ದೂ ಅಲ್ಲದ ನೆಲ'.
ವೇಸ್ಟ್‌ಲ್ಯಾಂಡ್: ಕಾವ್ಯದಲ್ಲಿ 'ತೆರ್ರಾ ದೆಸೊಲಾತಾ'. ಎಲಿಯಟ್‌ನ ಪ್ರಸಿದ್ಧ ಕವನ ಇಟಾಲಿಯನ್‌ನಲ್ಲಿ ಇದೇ ಹೆಸರಲ್ಲಿದೆ. ಉಳುಮೆ ಮಾಡದೆ ಬೀಳುಬಿಟ್ಟ ಜಮೀನು ಆದರೆ 'ತೆರ್ರೇನೊ ಇಂಕೊಲ್ತೊ'. ಬೀಳು ಜಮೀನಿಗೆ ತೆರ್ರಾ ದೆಸೊಲಾತಾ ಅಂತ ಹಾಕಿದರೆ ಪಹಣಿಯಲ್ಲಿ ಕವನ ಬರೆದ ಹಾಗೆ.
ಬ್ರೌನ್‌ಫೀಲ್ಡ್: ಆರೆಯಾ ದಿಸ್ಮೆಸ್ಸಾ. ಸಾಫ್ಟ್‌ವೇರ್ ಪ್ರಾಜೆಕ್ಟ್‌ಗೂ ನಾವು ಬ್ರೌನ್‌ಫೀಲ್ಡ್ ಅಂತೀವಿ, ಮೂಲದಲ್ಲಿ ಅದು ಹಿಂದೆ ಫ್ಯಾಕ್ಟರಿ ಇದ್ದು ಈಗ ಖಾಲಿ ಬಿದ್ದ ಜಾಗ. ಇಟಾಲಿಯನ್ ಪದದ ಅರ್ಥ 'ಉಡೋದು ಬಿಟ್ಟ', ಹಳೆ ಬಟ್ಟೆಯ ಹಾಗೆ. ತೂರಿನ್‌ನ ಲಿಂಗೊತ್ತೊ ಒಳ್ಳೆ ಉದಾಹರಣೆ. ಮಾಡಿನ ಮೇಲೆ ಕಾರ್ ಟೆಸ್ಟ್ ಟ್ರ್ಯಾಕ್ ಇದ್ದ ಫಿಯಟ್ ಕಾರ್ಖಾನೆ 1982ರಲ್ಲಿ ಮುಚ್ಚಿತು, ಆಮೇಲೆ ರೆಂಝೊ ಪಿಯಾನೊ ವಿನ್ಯಾಸದಲ್ಲಿ ಅದಕ್ಕೆ ಹೊಸ ಉಪಯೋಗ ಸಿಕ್ಕಿತು.

ಇನ್ನು 'ಲ್ಯಾಂಡಿಂಗ್'. ವಿಮಾನ ಇಳಿದರೆ 'ಅತ್ತೆರ್ರಾಜ್ಜೊ', ಅದರೊಳಗೆ ತೆರ್ರಾ ಇದೆ. ನೀರಿನ ಮೇಲೆ ಇಳಿದರೆ 'ಅಮ್ಮರಾಜ್ಜೊ', ಒಳಗೆ ಮಾರೆ ಅಂದರೆ ಸಮುದ್ರ ಇದೆ. ಚಂದ್ರನ ಮೇಲೆ ಇಳಿದರೆ 'ಅಲ್ಲುನಾಜ್ಜೊ', ಒಳಗೆ ಲೂನಾ ಅಂದರೆ ಚಂದ್ರ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಮಾಡಿದ್ದು ಅಲ್ಲುನಾಜ್ಜೊ. ಎಲ್ಲಿ ಇಳಿದೆ ಅನ್ನೋದು ಕ್ರಿಯೆಯೊಳಗೇ ಇರೋದು ಎಷ್ಟು ಅಚ್ಚುಕಟ್ಟು ನೋಡಿ.

4. ಇಸಿ, ಇಇ ಹುಡುಗರಿಗೆ: 'ಗ್ರೌಂಡ್'

ಸರ್ಕ್ಯೂಟ್‌ನಲ್ಲಿ ಗ್ರೌಂಡ್ ಅಂತ ಬರೆದರೆ ಅದು ನಿಜವಾಗಿ ಭೂಮಿಗೆ ಹೋಗುತ್ತಾ, ಅಥವಾ ಬರೀ ರೆಫರೆನ್ಸಾ? ಇಂಗ್ಲಿಷ್ ಪದ ಎರಡಕ್ಕೂ ಓಡುತ್ತೆ. ಇಟಾಲಿಯನ್ ಬೇರೆ ಮಾಡುತ್ತೆ. ಗುಂಡಿ ತೋಡಿ ರಾಡ್ ಇಳಿಸೋ ಅರ್ಥಿಂಗ್ 'ಮೆಸ್ಸಾ ಆ ತೆರ್ರಾ', ನೆಲಕ್ಕೆ ಮುಟ್ಟಿಸೋದು. ಕಾರಿನ ಬಾಡಿ, ಬೋರ್ಡಿನ ಕಾಮನ್ ಪಾಯಿಂಟ್ 'ಮಾಸ್ಸಾ'. ಬೈಕ್ ಬ್ಯಾಟರಿಯ ನೆಗೆಟಿವ್ ಹೋಗೋದು ಮಾಸ್ಸಾಗೆ. ರಬ್ಬರ್ ಟೈರ್ ಮೇಲೆ ನಿಂತ ಬೈಕಿಗೆ ತೆರ್ರಾ ಎಲ್ಲಿಂದ ಬರಬೇಕು?

ಮಾತಿನಲ್ಲೂ ಗ್ರೌಂಡ್‌ಗೆ ತೆರ್ರೇನೊ ಬರುತ್ತೆ. 'ಗೇನ್ ಗ್ರೌಂಡ್' ಅಂದರೆ 'ಗ್ವಾದಾನ್ಯಾರೆ ತೆರ್ರೇನೊ', 'ಲೂಸ್ ಗ್ರೌಂಡ್' ಅಂದರೆ 'ಪೆರ್ದೆರೆ ತೆರ್ರೇನೊ'. ಆದರೆ 'ಬ್ರೇಕ್ ನ್ಯೂ ಗ್ರೌಂಡ್' ಅಂದಾಗ ನೆಲ ಅಗೆಯೋದು ಬೇಡ, ದಾರಿ ಮಾಡಿ: 'ಅಪ್ರೀರೆ ನ್ವೋವೆ ಸ್ತ್ರಾದೆ', ಹೊಸ ರಸ್ತೆ ತೆರೆಯೋದು.

5. ಕಾಡು, ಮರ, ಪ್ರಕೃತಿ

'ಫಾರೆಸ್ಟ್'ಗೆ ಫೊರೆಸ್ತಾ ಇದೆ. ಆದರೆ ಊರ ಹತ್ತಿರ ಅಣಬೆ ಹುಡುಕೋಕೆ ಹೋಗೋ ಕಾಡು 'ಬೋಸ್ಕೊ'. 'ಸೆಲ್ವಾ' ಹಳೆಯ, ದಟ್ಟವಾದ, ಸಾಹಿತ್ಯದ ಪದ. ಸಮುದ್ರದ ಕಡೆಯ ಕುರುಚಲು ಪೊದೆಗಳಿಗೆ 'ಮಾಕ್ಯಾ'. ಅದೇ ಪದಕ್ಕೆ ಕಲೆ ಅಂತಲೂ ಅರ್ಥ. ಬೋಸ್ಕೊವನ್ನು ಕಾಡು, ಸೆಲ್ವಾವನ್ನು ಅಡವಿ, ಫೊರೆಸ್ತಾವನ್ನು ಅರಣ್ಯ ಅಂತ ಇಟ್ಟುಕೊಂಡರೆ ಸಾಕಷ್ಟು ಹೊಂದುತ್ತೆ.

ಮರಗಳ ಲಿಂಗಕ್ಕೆ ಒಂದು ಸುಲಭ ನಿಯಮ ಇದೆ: ಸಾಮಾನ್ಯವಾಗಿ ಮರ ಪುಲ್ಲಿಂಗ, ಹಣ್ಣು ಸ್ತ್ರೀಲಿಂಗ. ಸೇಬಿನ ಮರ 'ಇಲ್ ಮೇಲೊ', ಸೇಬು 'ಲಾ ಮೇಲಾ'. ಚೆರಿ ಮರ 'ಇಲ್ ಚಿಲಿಯೇಜೊ', ಚೆರಿ ಹಣ್ಣು 'ಲಾ ಚಿಲಿಯೇಜಾ'. ಅಂಜೂರ ಮತ್ತು ನಿಂಬೆ ಈ ನಿಯಮ ಕೇಳಲ್ಲ: 'ಇಲ್ ಫೀಕೊ', 'ಇಲ್ ಲಿಮೋನೆ', ಮರವೂ ಅದೇ, ಹಣ್ಣೂ ಅದೇ.

'ವಿಲ್ಡರ್ನೆಸ್'ಗೆ ಇಟಾಲಿಯನ್‌ನಲ್ಲಿ ಅಷ್ಟೇ ಅಳತೆಯ ಒಂದು ಪದ ಸಿಗಲ್ಲ. 'ನತೂರಾ ಸೆಲ್ವಾಜ್ಜಾ' ಅಂತ ಎರಡು ಪದ ಹಾಕಬೇಕು. 'ಇನ್‌ಟು ದಿ ವೈಲ್ಡ್' ಹಾಸ್ಟೆಲ್‌ನಲ್ಲಿ ನೋಡದವರು ಕಮ್ಮಿ. ಇಟಲಿಯಲ್ಲಿ ಆ ಪುಸ್ತಕ ಬಂದದ್ದು 'ದೂರದ ಅಂಚಿನ ನೆಲಗಳಲ್ಲಿ' ಅನ್ನೋ ಅರ್ಥದ ಹೆಸರಲ್ಲಿ, 'ನೆಲ್ಲೆ ತೆರ್ರೆ ಎಸ್ತ್ರೇಮೆ'. ಸಿನಿಮಾಗೆ ಇಂಗ್ಲಿಷ್ ಹೆಸರನ್ನೂ ಇಟ್ಟು ಪಕ್ಕದಲ್ಲಿ 'ನೆಲ್ಲೆ ತೆರ್ರೆ ಸೆಲ್ವಾಜ್ಜೆ' ಅಂತ ಸೇರಿಸಿದರು, 'ಕಾಡುನೆಲಗಳಲ್ಲಿ'. ಒಂದೇ ಕಥೆ, ಎರಡು ಅನುವಾದ, ಎರಡರಲ್ಲೂ ಇಂಗ್ಲಿಷ್ ಹೆಸರಿನಲ್ಲಿ ಇಲ್ಲದ ತೆರ್ರಾ ಬಂದು ಕೂತಿದೆ.

'ಸ್ಟಿಲ್ ಲೈಫ್' ಚಿತ್ರಕ್ಕೆ ಇಟಾಲಿಯನ್ ಹೆಸರು 'ನತೂರಾ ಮೊರ್ತಾ', ಸತ್ತ ಪ್ರಕೃತಿ. ಮೇಜಿನ ಮೇಲಿನ ಅದೇ ಹಣ್ಣಿನ ಬುಟ್ಟಿ, ಇಂಗ್ಲಿಷಿನಲ್ಲಿ ಅಲುಗಾಡದ ಜೀವ, ಇಟಾಲಿಯನ್‌ನಲ್ಲಿ ಜೀವ ಹೋದ ಪ್ರಕೃತಿ.

6. ಗಾದೆ, ನುಡಿಗಟ್ಟು: ಮೂರು ಭಾಷೆ ಪಕ್ಕಪಕ್ಕ

ಆಚೆ ಕಡೆಯ ಹುಲ್ಲೇ ಹೆಚ್ಚು ಹಸಿರು ಅನ್ನೋ ಇಂಗ್ಲಿಷ್ ಮಾತಿಗೆ 'ಲೆರ್ಬಾ ದೆಲ್ ವಿಚೀನೊ ಎ ಸೆಂಪ್ರೆ ಪ್ಯೂ ವೆರ್ದೆ', ಪಕ್ಕದ ಮನೆಯವನ ಹುಲ್ಲು ಯಾವಾಗಲೂ ಹೆಚ್ಚು ಹಸಿರು. ನಮ್ಮಲ್ಲಿ ದೂರದ ಬೆಟ್ಟ ನುಣ್ಣಗೆ. ಇಂಗ್ಲಿಷಿಗೆ ಬೇಲಿ ಮುಖ್ಯ, ಇಟಾಲಿಯನ್‌ಗೆ ಪಕ್ಕದ ಮನೆಯವನು ಮುಖ್ಯ, ನಮಗೆ ದೂರ ಮುಖ್ಯ.

'ಮೇಕ್ ಎ ಮೌಂಟನ್ ಔಟ್ ಆಫ್ ಎ ಮೋಲ್‌ಹಿಲ್': 'ಫಾರೆ ದಿ ಉನಾ ಮೋಸ್ಕಾ ಉನ್ ಎಲೆಫಾಂತೆ', ನೊಣವನ್ನು ಆನೆ ಮಾಡೋದು. ನಾವು ಕಡ್ಡೀನ ಗುಡ್ಡ ಮಾಡ್ತೀವಿ.

'ಡೌನ್ ಟು ಅರ್ತ್': 'ಕೊನ್ ಇ ಪಿಯೇದಿ ಪೆರ್ ತೆರ್ರಾ', ಕಾಲು ನೆಲದ ಮೇಲೆ ಇರೋ ಮನುಷ್ಯ.

ನಾಯಿ ಬೆಕ್ಕು ಸುರಿಯೋ ಇಂಗ್ಲಿಷ್ ಮಳೆ: 'ಪ್ಯೋವೆ ಆ ಕತಿನೆಲ್ಲೆ', ಬೋಗುಣಿಯಲ್ಲಿ ಸುರಿದ ಹಾಗೆ. ಕೊಡದಲ್ಲಿ ಸುರಿದ ಹಾಗೆ ಅನ್ನೋ ನಮ್ಮ ಮಾತಿಗೆ ಇದು ಇಂಗ್ಲಿಷಿಗಿಂತ ಹತ್ತಿರ.

'ಲ್ಯಾಂಡ್‌ಸ್ಲೈಡ್ ವಿಕ್ಟರಿ': 'ವಿತ್ತೋರಿಯಾ ಸ್ಕ್ಯಾಚ್ಚಾಂತೆ', ಹೊಸಕಿಹಾಕಿದ ಗೆಲುವು. ಇಲ್ಲಿ ಗುಡ್ಡ ಕುಸಿಯಲ್ಲ. ನಿಜವಾದ ಗುಡ್ಡ ಕುಸಿತಕ್ಕೆ ಇರೋ ಪದ 'ಫ್ರಾನಾ'. ಅದರ ಬಗ್ಗೆ ಇನ್ನೊಂದು ಸ್ವಲ್ಪದರಲ್ಲೇ.

7. 'ರಿಕ್ಲೇಮ್' ಮತ್ತು ಬೊನೀಫಿಕಾ

ಜೌಗು ಒಣಗಿಸಿ ಹೊಲ ಮಾಡೋದಕ್ಕೆ ಇಂಗ್ಲಿಷಿನಲ್ಲಿ 'ಲ್ಯಾಂಡ್ ರಿಕ್ಲಮೇಶನ್'. ಪದದೊಳಗಿನ ಅರ್ಥ 'ವಾಪಸ್ ಪಡೆಯೋದು', ಮೊದಲು ನಮ್ಮದೇ ಆಗಿತ್ತೇನೋ ಅನ್ನೋ ಹಾಗೆ. ಇಟಾಲಿಯನ್‌ನಲ್ಲಿ 'ಬೊನೀಫಿಕಾ', 'ಒಳ್ಳೆಯದು ಮಾಡೋದು'. ವಿಷ ಸೇರಿದ ಫ್ಯಾಕ್ಟರಿ ಮಣ್ಣು ಶುದ್ಧ ಮಾಡೋದೂ ಬೊನೀಫಿಕಾ, ಯುದ್ಧದ ಸಿಡಿಯದ ಬಾಂಬ್ ತೆಗೆಯೋದೂ ಬೊನೀಫಿಕಾ. ಬ್ಯಾಂಕಿನಲ್ಲಿ ದುಡ್ಡು ಟ್ರಾನ್ಸ್‌ಫರ್ ಮಾಡಿದರೆ 'ಬೊನೀಫಿಕೊ', ಕೊನೆಯ ಸ್ವರ ನೋಡಿಕೊಂಡು ಬರೆಯಿರಿ.

ಅತಿ ಪ್ರಸಿದ್ಧವಾದದ್ದು ರೋಮ್‌ನ ದಕ್ಷಿಣದ ಪೊಂತೀನೊ ಜೌಗು. ಮಲೇರಿಯಾದ ತವರು. 1930ರ ದಶಕದಲ್ಲಿ ಮುಸೊಲಿನಿಯ ಸರ್ಕಾರ ಕಾಲುವೆ ತೋಡಿ, ನೀರು ಪಂಪ್ ಮಾಡಿ ಅದನ್ನು ಹೊಲ ಮಾಡಿತು. 1932ರಲ್ಲಿ ಲಿತ್ತೋರಿಯಾ ಅನ್ನೋ ಹೊಸ ಊರು ಕಟ್ಟಿದರು, ಈಗ ಅದು ಲತೀನಾ. ನೀರೆತ್ತುವ ಆ ದೊಡ್ಡ ಪಂಪ್‌ಗೆ ಇಟಾಲಿಯನ್‌ನಲ್ಲಿ 'ಇದ್ರೋವೊರಾ'. ಅರ್ಥ ನೀರು ತಿನ್ನೋದು. ಕನ್ನಡದಲ್ಲಿ ಹೊಟ್ಟೆಬಾಕ ಅಂತೀವಲ್ಲ, ಹಾಗೆ 'ನೀರುಬಾಕ' ಅನ್ನಬಹುದು. ಇಂಗ್ಲಿಷಿನ 'ಡ್ರೈನೇಜ್ ಪಂಪ್'ಗೆ ಈ ಹಸಿವು ಇಲ್ಲ.

ಆದರೆ ಪದದ ಹೊಗಳಿಕೆಯನ್ನು ಪೂರ್ತಿ ನಂಬಬೇಡಿ. ಜ್ವರದಿಂದ ಸಾಯ್ತಿದ್ದ ಜನರಿಗೆ ಅದು ನಿಜವಾಗಿ ಒಳ್ಳೆಯದೇ ಆಯ್ತು. ಜೌಗಿನಲ್ಲಿ ಬದುಕಿದ್ದ ಹಕ್ಕಿ, ಮೀನು, ಎಮ್ಮೆಗಳಿಗೆ ಆಗಲಿಲ್ಲ. 'ಝೋನಾ ಊಮಿದಾ' ಅನ್ನೋದು ಉಳಿಸಬೇಕಾದ್ದರ ಹೆಸರು, 'ಪಲೂದೆ' ಅಂದರೆ ಜೌಗು ಅನ್ನೋದು ಒಣಗಿಸಬೇಕಾದ್ದರ ಹೆಸರು. ನೆಲ ಒಂದೇ. ಅನುವಾದಕ ಯಾವ ಪದ ಆರಿಸಿದ ಅನ್ನೋದರಲ್ಲಿ ಒಂದು ತೀರ್ಪು ಅಡಗಿರುತ್ತೆ.

8. ವಾಯೊಂತ್: 'ನ್ಯಾಚುರಲ್ ಡಿಸಾಸ್ಟರ್' ಅನ್ನಬಹುದಾ?

ಈ ಭಾಗ ಎಲ್ಲ ಬ್ರಾಂಚಿನವರೂ ಓದಬೇಕು.

'ನ್ಯಾಚುರಲ್ ಡಿಸಾಸ್ಟರ್'ಗೆ ಇಟಾಲಿಯನ್‌ನಲ್ಲಿ 'ಕಲಮಿತಾ ನತುರಾಲೆ'. ಕಾಂಟ್ರ್ಯಾಕ್ಟ್‌ಗಳಲ್ಲಿ ಬರೋ 'ಆ್ಯಕ್ಟ್ ಆಫ್ ಗಾಡ್'ಗೆ 'ಫೋರ್ಝಾ ಮಜ್ಜೋರೆ', ಮೀರಲಾಗದ ಶಕ್ತಿ. ದೇವರ ಹೆಸರು ಅಲ್ಲಿಲ್ಲ. ಮಳೆಗೆ ನೆಲ ಜಾರಿ ಹಾಳಾಗೋ ಸ್ಥಿತಿಗೆ 'ದಿಸ್ಸೆಸ್ತೊ ಇದ್ರೊಜೆಯೊಲೋಜಿಕೊ' ಅನ್ನೋ ಪದ ಸುದ್ದಿಯಲ್ಲಿ ಪದೇಪದೇ ಬರುತ್ತೆ. ದಿಸ್ಸೆಸ್ತೊ ಅಂದರೆ ವ್ಯವಸ್ಥೆ ಕೆಡೋದು. ನಗರಸಭೆ ದಿವಾಳಿ ಆದರೂ ಅದೇ ಪದ. ನೆಲವೂ ದಿವಾಳಿ ಆಗಬಹುದು ಅನ್ನೋ ಅರ್ಥ ಅದರೊಳಗಿದೆ.

ಈಗ ಘಟನೆ. ಇಟಲಿಯ ಈಶಾನ್ಯದ ಬೆಟ್ಟಗಳಲ್ಲಿ ವಾಯೊಂತ್ ಕಣಿವೆಗೆ 260 ಮೀಟರಿಗೂ ಎತ್ತರದ ಕಾಂಕ್ರೀಟ್ ಅಣೆಕಟ್ಟು ಕಟ್ಟಿದರು. ಜಲಾಶಯದ ಪಕ್ಕದಲ್ಲೇ ತೋಕ್ ಅನ್ನೋ ಬೆಟ್ಟ. ಆ ಕಡೆಯ ಫ್ರಿಯುಲಿ ಭಾಷೆಯಲ್ಲಿ 'ಪತೋಕ್' ಅಂದರೆ ಕೊಳೆತದ್ದು, ನೆನೆದು ಮೆತ್ತಗಾದದ್ದು. ಬೆಟ್ಟದ ಹೆಸರನ್ನು ಅದಕ್ಕೆ ಜೋಡಿಸಿ ವಿವರಿಸೋರು ಇದ್ದಾರೆ. 1959ರಲ್ಲೇ ತೀನಾ ಮೆರ್ಲಿನ್ ಅನ್ನೋ ಪತ್ರಕರ್ತೆ ಆ ಊರಿನವರ ಭಯವನ್ನು ಪತ್ರಿಕೆಯಲ್ಲಿ ಬರೆದರು. ಸುಳ್ಳು ಸುದ್ದಿ ಹರಡಿ ಶಾಂತಿ ಕದಡಿದ್ದಾರೆ ಅಂತ ಅವರ ಮೇಲೆಯೇ ಕೇಸು ಬಿತ್ತು, 1960ರಲ್ಲಿ ಖುಲಾಸೆ ಆಯ್ತು. ಅದೇ ವರ್ಷ ನವೆಂಬರ್ 4ರಂದು ಸುಮಾರು 7 ಲಕ್ಷ ಘನ ಮೀಟರ್ ಮಣ್ಣು ಕಲ್ಲು ಜಲಾಶಯಕ್ಕೆ ಜಾರಿತು. ಬೆಟ್ಟದ ಮೇಲೆ ಉದ್ದ ಬಿರುಕು ಕಾಣಿಸಿತು. ನೀರಿನ ಮಟ್ಟ ಏರಿಸಿ ಇಳಿಸಿ ಜಾರುವಿಕೆಯನ್ನು ಹತೋಟಿಯಲ್ಲಿ ಇಡಬಹುದು ಅಂತ ಎಂಜಿನಿಯರುಗಳು ಲೆಕ್ಕ ಹಾಕಿದರು.

1963ರ ಅಕ್ಟೋಬರ್ 9ರ ರಾತ್ರಿ 10.39ಕ್ಕೆ 26 ಕೋಟಿ ಘನ ಮೀಟರಿಗೂ ಹೆಚ್ಚು ಬೆಟ್ಟ ಒಟ್ಟಿಗೇ ನೀರಿಗೆ ಬಿತ್ತು. ಅಲೆ ಅಣೆಕಟ್ಟನ್ನು ಹಾರಿ ಕೆಳಗಿನ ಲೊಂಗರೋನೆ ಊರನ್ನು ಅಳಿಸಿಹಾಕಿತು. ಸತ್ತವರು 1,900ಕ್ಕೂ ಹೆಚ್ಚು. ಅಣೆಕಟ್ಟು ಮಾತ್ರ ಬೀಳಲಿಲ್ಲ, ಇವತ್ತಿಗೂ ನಿಂತಿದೆ. ಅಂದರೆ ಕಾಂಕ್ರೀಟಿನ ಲೆಕ್ಕ ಸರಿ ಇತ್ತು, ನೆಲದ ಲೆಕ್ಕ ತಪ್ಪಿತ್ತು.

ಆಗ ಕೆಲವು ದೊಡ್ಡ ಪತ್ರಕರ್ತರು ಇದನ್ನು ಪ್ರಕೃತಿಯ ಹೊಡೆತ ಅಂತಲೇ ಬರೆದರು. ಆದರೆ 1971ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಇದು ಮೊದಲೇ ಊಹಿಸಬಹುದಾಗಿದ್ದ ಘಟನೆ ಅಂತ ಹೇಳಿ ಹೊಣೆಗಾರರನ್ನು ಗುರುತಿಸಿತು. ಹಾಗಾಗಿ ಇದನ್ನು ಬರೆಯುವಾಗ 'ಕಲಮಿತಾ ನತುರಾಲೆ' ಅಂತ ಹಾಕಿದರೆ ವ್ಯಾಕರಣ ಸರಿ, ಸತ್ಯ ತಪ್ಪು. ಇಟಲಿಯಲ್ಲಿ 'ದಿಸಾಸ್ತ್ರೊ ದೆಲ್ ವಾಯೊಂತ್' ಅಂತಾರೆ. ಬೆಟ್ಟ ಜಾರಿದ್ದು 'ಫ್ರಾನಾ', ಆದ ಅನಾಹುತ 'ದಿಸಾಸ್ತ್ರೊ'. ತೀನಾ ಮೆರ್ಲಿನ್ 1983ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು 'ಸುಲ್ಲಾ ಪೆಲ್ಲೆ ವೀವಾ', ಜೀವಂತ ಚರ್ಮದ ಮೇಲೆ. ಗುಡ್ಡ ಕುಸಿದಾಗಲೆಲ್ಲ ನಾವೂ 'ಪ್ರಕೃತಿ ವಿಕೋಪ' ಅಂತ ಬರೆದುಬಿಡ್ತೀವಿ. ಬರೆಯೋ ಮುಂಚೆ ಗುಡ್ಡದ ಬುಡ ಕಡಿದವರು ಯಾರಾದರೂ ಇದ್ದಾರಾ ಅಂತ ಒಮ್ಮೆ ಕೇಳಿಕೊಳ್ಳೋದು ಒಳ್ಳೇದು.

9. ಅಭ್ಯಾಸ

ಇಂಗ್ಲಿಷ್ ವಾಕ್ಯಗಳ ಅರ್ಥ ಕೊಟ್ಟಿದ್ದೀನಿ. ಉತ್ತರ ನೋಡೋ ಮುಂಚೆ ಯಾವ ಪದ ಅಂತ ನೀವೇ ಯೋಚಿಸಿ.

ಒಂದು, 'ವಿ ಆರ್ ಗೋಯಿಂಗ್ ಟು ದಿ ಕಂಟ್ರಿ', ಹಳ್ಳಿ ಕಡೆ ಹೋಗ್ತಿದ್ದೀವಿ.
ಎರಡು, 'ಮೈ ಗ್ರ್ಯಾಂಡ್‌ಫಾದರ್ಸ್ ಲ್ಯಾಂಡ್', ಅಜ್ಜನ ಎರೆಮಣ್ಣಿನ ಜಮೀನು.
ಮೂರು, 'ಚೆಕ್ ದಿ ಗ್ರೌಂಡ್', ಲ್ಯಾಬಿನ ಅರ್ಥಿಂಗ್ ನೋಡು.
ನಾಲ್ಕು, 'ದಿ ಹೋಲ್ ಕಂಟ್ರಿ ಈಸ್ ಟಾಕಿಂಗ್ ಅಬೌಟ್ ದಿ ಲ್ಯಾಂಡ್‌ಸ್ಲೈಡ್', ದೇಶಕ್ಕೆ ದೇಶವೇ ಗುಡ್ಡ ಕುಸಿತದ ಬಗ್ಗೆ ಮಾತಾಡ್ತಿದೆ.
ಐದು, 'ದೇ ಡ್ರೇನ್ಡ್ ದಿ ಮಾರ್ಶ್', ಜೌಗು ಒಣಗಿಸಿದರು.

ಉತ್ತರಗಳು: ಒಂದು, 'ಅಂದಿಯಾಮೊ ಇನ್ ಕಂಪಾನ್ಯಾ.' ಎರಡು, 'ಇಲ್ ತೆರ್ರೇನೊ ದಿ ಮಿಯೊ ನೊನ್ನೊ', ಎರೆಮಣ್ಣನ್ನೂ ಹೇಳಬೇಕಾದರೆ ಕಪ್ಪು ಮಣ್ಣು ಅಂತ 'ತೆರ್ರಾ ನೇರಾ' ಸೇರಿಸಿ. ಮೂರು, 'ಕೊಂತ್ರೊಲ್ಲಾ ಲಾ ಮೆಸ್ಸಾ ಆ ತೆರ್ರಾ.' ನಾಲ್ಕು, 'ತುತ್ತೊ ಇಲ್ ಪಯೇಸೆ ಪಾರ್ಲಾ ದೆಲ್ಲಾ ಫ್ರಾನಾ.' ಐದು, 'ಆನ್ನೊ ಬೊನಿಫಿಕಾತೊ ಲಾ ಪಲೂದೆ.'

10. ಕೊನೆಗೆ, ಒಂದು ವಿಧಾನ

ಇಂಗ್ಲಿಷ್ ವಾಕ್ಯ ಎದುರಾದಾಗ ಮೊದಲು ಕನ್ನಡದಲ್ಲಿ ಕೇಳಿಕೊಳ್ಳಿ: ಇದು ಮಣ್ಣಾ, ಜಮೀನಾ, ಊರಾ, ನಾಡಾ, ಸೀಮೆನಾ, ಹೊಲಗದ್ದೆ ಕಡೆನಾ, ಕಣ್ಣಿಗೆ ಕಾಣೋ ನೋಟನಾ? ಉತ್ತರ ಸಿಕ್ಕರೆ ಇಟಾಲಿಯನ್ ಪದ ತಾನಾಗೇ ಸಿಗುತ್ತೆ. ಇಂಗ್ಲಿಷಿನ 'ಲ್ಯಾಂಡ್' ಈ ಪ್ರಶ್ನೆ ಕೇಳದೆಯೇ ಮುಂದೆ ಹೋಗೋಕೆ ಬಿಡುತ್ತೆ. ಕನ್ನಡ, ಇಟಾಲಿಯನ್ ಎರಡೂ ಬಿಡಲ್ಲ.

ಇದಕ್ಕೆ ನಮ್ಮಲ್ಲಿ ಪದಗಳು ಇರಬೇಕಷ್ಟೇ. ಎರೆ, ಮಸಾರಿ, ಮಕ್ಕಿ, ಬೀಳು, ಬಾನೆ ಅಂತ ಮನೆಯ ಹಿರಿಯರು ಆಡೋ ಎಷ್ಟೋ ಪದ ನಮ್ಮಂಥ ಇಂಗ್ಲಿಷ್ ಮೀಡಿಯಂನವರ ಬಾಯಲ್ಲಿ 'ಲ್ಯಾಂಡ್' ಒಂದೇ ಆಗಿಬಿಟ್ಟಿದೆ. ಈ ಸಲ ರಜೆಗೆ ಊರಿಗೆ ಹೋದಾಗ ನೆಲಕ್ಕೆ ನಿಮ್ಮ ಕಡೆ ಏನೇನು ಹೆಸರಿದೆ ಅಂತ ಅಜ್ಜ ಅಜ್ಜಿಯನ್ನು ಕೇಳಿ ಬರೆದುಕೊಂಡು ಬನ್ನಿ. ಕ್ಲಬ್‌ಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಆ ಪದಗಳನ್ನು ಜಿಲ್ಲಾವಾರು ಹಾಕೋಣ. ಅವಕ್ಕೆ ಇಟಾಲಿಯನ್ ಪದ ಹುಡುಕೋ ಕೆಲಸ ನನಗಿರಲಿ.